ವ್ಯಾನಿಗಾಗಿ ಹುಟ್ಟಿದ ಪುಟ್ಟ ಸ್ಪೀಕರ್

ಮನೆಯ ಕೋಣೆಯೊಂದನ್ನು ಸ್ಟುಡಿಯೋ ಮಾಡಿಕೊಳ್ಳುವವರು ಚಿಕ್ಕ ಮಾನಿಟರ್ ಸ್ಪೀಕರ್ ಕೊಳ್ಳುವುದು ಸಾಮಾನ್ಯವಾಗಿ ಒಲ್ಲದ ಮನಸ್ಸಿನಿಂದ. ದುಡ್ಡು, ಜಾಗ ಎರಡೂ ಸಾಲದೆ ಮಾಡಿಕೊಂಡ ರಾಜಿ ಅದು ಎಂಬ ಭಾವನೆ. ಆದರೆ ಈ ಪುಟ್ಟ ಪೆಟ್ಟಿಗೆ ಹುಟ್ಟಿದ್ದೇ ಇಕ್ಕಟ್ಟಾದ ಜಾಗಕ್ಕಾಗಿ.

1970ರ ದಶಕದ ಮೊದಲ ವರ್ಷಗಳು. ಬಿಬಿಸಿಯ ಹೊರಾಂಗಣ ಪ್ರಸಾರದ ವ್ಯಾನುಗಳಲ್ಲಿ ದೊಡ್ಡ ಸ್ಪೀಕರಿಗೆ ಜಾಗವಿರಲಿಲ್ಲ. ಹೆಡ್‌ಫೋನ್ ನಂಬಿ ಧ್ವನಿ ಹದ ಮಾಡುವುದೂ ಸಮಾಧಾನ ತರುತ್ತಿರಲಿಲ್ಲ. ಸಂಸ್ಥೆಯ ಸಂಶೋಧನಾ ವಿಭಾಗದಲ್ಲಿ ಆಗ ಬೇರೊಂದು ಕೆಲಸ ನಡೆದಿತ್ತು: ಸ್ಟುಡಿಯೋ ಕಟ್ಟುವ ಮೊದಲೇ ಅದರ ಎಂಟನೇ ಒಂದು ಅಳತೆಯ ಮಾದರಿ ಮಾಡಿ, ಒಳಗೆ ಸದ್ದು ಹೇಗೆ ವರ್ತಿಸುತ್ತದೆ ಎಂದು ಪರೀಕ್ಷಿಸುವುದು. ಅದಕ್ಕೆಂದು ಮಾಡಿದ ಪುಟ್ಟ ಸ್ಪೀಕರ್ ಚೆನ್ನಾಗಿ ನುಡಿಯಿತು. ಅದನ್ನೇ ವ್ಯಾನಿಗೆ ಒಗ್ಗಿಸಿದರು. ಸ್ಪೀಕರಿನೊಳಗೆ ಸದ್ದು ಹೊರಡಿಸುವ, ಕೆಇಎಫ್ ಕಂಪನಿಯ ಡ್ರೈವರ್‌ಗಳು ಬದಲಾದಾಗ ವಿನ್ಯಾಸವನ್ನು ಮತ್ತೆ ತಿದ್ದಿದರು. ಹಾಗೆ ಬಂದದ್ದು ಎಲ್‌ಎಸ್ 3/5ಎ. ಹಾರ್ವುಡ್, ವಾಟನ್, ಮಿಲ್ಸ್ ಎಂಬ ಮೂವರು 1976ರಲ್ಲಿ ಬರೆದ ವರದಿಯಲ್ಲಿ ಅದರ ವಿವರವಿದೆ.

ಎತ್ತರ ಸುಮಾರು 30 ಸೆಂಟಿಮೀಟರ್. ಬರ್ಚ್ ಪ್ಲೈವುಡ್ ಗೋಡೆ, ಅದು ನಡುಗದಂತೆ ಒಳಗೆ ಬಿಟುಮೆನ್ ಹಾಳೆ. ಮುಂದಿನ ಜಾಲರಿ ತೆಗೆದರೆ, ತಾರಸ್ವರ ನುಡಿಸುವ ಟ್ವೀಟರಿನ ನಾಲ್ಕೂ ಬದಿಗೆ ಅಂಟಿಸಿದ ಫೆಲ್ಟ್ ಪಟ್ಟಿ ಕಾಣುತ್ತದೆ. ಟ್ವೀಟರಿನಿಂದ ಹೊರಟ ಸದ್ದು ಪೆಟ್ಟಿಗೆಯ ಅಂಚಿಗೆ ತಾಗಿ ಚದುರಿ, ನೇರ ಸದ್ದಿನೊಡನೆ ಬೆರೆತು ಅದನ್ನು ಕೆಡಿಸಬಾರದಲ್ಲ, ಅದಕ್ಕೆ. ಆ ಫೆಲ್ಟ್ ಪಟ್ಟಿಯಲ್ಲೇ ಇಡೀ ವಿನ್ಯಾಸದ ಶ್ರದ್ಧೆ ಕಾಣುತ್ತದೆ. ಆಳದ ಬೇಸನ್ನು ತಿಳಿದೇ ಬಿಟ್ಟುಕೊಟ್ಟವರು ಮನುಷ್ಯನ ಮಾತು ಮಾತಿನಂತೆಯೇ ಕೇಳಬೇಕೆಂದು ಹಟ ಹಿಡಿದಿದ್ದರು.

ಬೇಸ್ ಬಿಟ್ಟುಕೊಟ್ಟದ್ದು ನಮ್ಮ ಕೋಣೆಗಳಿಗೂ ಸರಿಯೇ. ಹತ್ತು ಅಡಿ ಅಂತರದ ಎದುರುಬದುರು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಸದ್ದು ಅನುರಣಿಸುತ್ತದೆ. ಗೋಡೆಯ ಬಳಿ ಅದು ಉಬ್ಬುತ್ತದೆ, ನಟ್ಟನಡುವೆ ಕೂತರೆ ಬಹುತೇಕ ಮಾಯ. ಬೇಸ್ ನುಡಿಸುವ ಎಂಟು ಇಂಚಿನ ವೂಫರ್ ತಂದಿಟ್ಟರೆ ಈ ತೊಂದರೆಗೆ ಇನ್ನಷ್ಟು ಬಲ ಕೊಟ್ಟಂತೆ.

ಮಾನಿಟರುಗಳ ಕಥೆಯಲ್ಲಿ ಮುಂದೆ, 1978ರಲ್ಲಿ ಎರಡು ಘಟನೆ. ಜಪಾನಿನ ಯಮಹಾ ಮನೆಬಳಕೆಗೆಂದು ಬಿಳಿ ಕೋನಿನ ಎನ್‌ಎಸ್-10 ಸ್ಪೀಕರ್ ಹೊರತಂದಿತು; ಮುಂದೆ ಅದು ಸ್ಟುಡಿಯೋಗಳ ಮಿಕ್ಸಿಂಗ್ ಕನ್ಸೋಲ್ ಮೇಲೆ ಕಾಯಂ ಆಯಿತು. ಫಿನ್ಲೆಂಡಿನ ಈಸಲ್ಮಿಯಲ್ಲಿ ಜೆನೆಲೆಕ್ ಕಂಪನಿ ಹುಟ್ಟಿತು. ಅಲ್ಲಿನ ರಾಷ್ಟ್ರೀಯ ಪ್ರಸಾರ ಸಂಸ್ಥೆಗೆ ಆಂಪ್ಲಿಫೈಯರ್ ಒಳಗೇ ಇರುವ ಮಾನಿಟರ್ ಬೇಕಿತ್ತು. ಇಂದು ಮೇಜಿನ ಮೇಲೆ ಕೂರುವ ಮಾನಿಟರುಗಳಲ್ಲಿ ಹೆಚ್ಚಿನವು ಇದೇ ಆ್ಯಕ್ಟಿವ್ ಜಾತಿಯವು. ಜೆನೆಲೆಕ್‌ನ 8010 ಮಾದರಿಯ ವೂಫರ್ ಮೂರೇ ಇಂಚು. ಬೆನ್ನ ಮೇಲೆ ಪುಟ್ಟ ಸ್ವಿಚ್‌ಗಳು. ಅವುಗಳಲ್ಲೊಂದು, ಮೇಜಿಗೆ ಬಡಿದು ಬರುವ ಸದ್ದಿನಿಂದ 200 ಹರ್ಟ್ಸ್ ಸುತ್ತ ಏಳುವ ಉಬ್ಬನ್ನು ತಗ್ಗಿಸಲು.

ಕೊಳ್ಳುವಾಗ ನನ್ನ ಸಲಹೆ: ವೂಫರ್ ಮೂರರಿಂದ ಐದು ಇಂಚಿನದಿರಲಿ, ಉಳಿದ ದುಡ್ಡು ಸ್ಟ್ಯಾಂಡಿಗೆ, ಗೋಡೆಗೆ ಹಾಕುವ ಗ್ಲಾಸ್‌ವೂಲ್ ಪ್ಯಾನೆಲ್‌ಗೆ ಹೋಗಲಿ. ಅಂಗಡಿಗೆ ಅಬ್ಬರದ ಹಾಡು ಒಯ್ಯಬೇಡಿ. ದಿನವೂ ಕೇಳುವ ನಿಮ್ಮವರೊಬ್ಬರ ಮಾತನ್ನು ಒಳ್ಳೆಯ ಮೈಕಿನಲ್ಲಿ ರೆಕಾರ್ಡ್ ಮಾಡಿ ಒಯ್ಯಿರಿ. ಸಾಧ್ಯವಾದರೆ ಅವರನ್ನೇ ಕರೆದೊಯ್ಯಿರಿ: ಅವರು ಮಾತಾಡಲಿ, ಆಮೇಲೆ ಸ್ಪೀಕರ್ ಮಾತಾಡಲಿ. ಬಿಬಿಸಿಯವರು ಸ್ಪೀಕರ್ ಪರೀಕ್ಷಿಸುತ್ತಿದ್ದ ಬಗೆಯೂ ಇದೇ.