ಪರ್ವತಾರೋಹಣದ ಶಿರಸ್ತ್ರಾಣ: ವಾಯುಸಂಚಾರ ಮತ್ತು ಆಯ್ಕೆಯ ಕ್ರಮ

ಪರ್ವತಾರೋಹಿಯ ಸಾಮಗ್ರಿಗಳಲ್ಲಿ ಶಿರಸ್ತ್ರಾಣಕ್ಕೆ, ಎಂದರೆ ಹೆಲ್ಮೆಟ್ಟಿಗೆ, ಒಂದು ವಿಶೇಷವಾದ ತೊಡಕುಂಟು. ಕಡಿದಾದ ಬಂಡೆಯಲ್ಲಿ ಹಗ್ಗವನ್ನು ಬಿಚ್ಚಿಹಾಕಲು ಯಾರೂ ಸುಲಭವಾಗಿ ಮನಸ್ಸು ಮಾಡುವುದಿಲ್ಲ. ಆದರೆ ತಲೆ ಬೆವೆತು ಹಣೆ ನೋಯತೊಡಗಿದೊಡನೆ ಹೆಲ್ಮೆಟ್ಟನ್ನು ಕಳಚಿ ಬೆನ್ನಿನ ಚೀಲಕ್ಕೆ ಸಿಕ್ಕಿಸುವವರು ಹಲವರು. ಚೀಲದಲ್ಲಿ ತೂಗುವ ಹೆಲ್ಮೆಟ್ಟು ಎಷ್ಟೇ ಗಟ್ಟಿಯಾಗಿದ್ದರೂ ತಲೆಯನ್ನು ಕಾಯಲಾರದು. ಆದುದರಿಂದ ಹಿತವಾಗಿ ಕೂರುವ ಗುಣವನ್ನೂ ಒಳಗೆ ಗಾಳಿಯಾಡುವ ಗುಣವನ್ನೂ ರಕ್ಷಣೆಯ ಅಂಗಗಳೆಂದೇ ಎಣಿಸಬೇಕೆಂಬುದು ನಮ್ಮ ಅಭಿಪ್ರಾಯ. ಈ ದೃಷ್ಟಿಯಿಂದ ಆಯ್ಕೆಯ ಕ್ರಮವನ್ನು ಇಲ್ಲಿ ವಿಚಾರ ಮಾಡುವೆವು.

ಆಲ್ಪ್ಸ್ ಪರ್ವತಗಳ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಫ್ರಾನ್ಸಿನ ಕಡೆಯಿಂದ ಮೋಂ ಬ್ಲಾಂ ಶಿಖರಕ್ಕೆ ಹೋಗುವ ಸಾಮಾನ್ಯ ಮಾರ್ಗವು, 3167 ಮೀಟರು ಎತ್ತರದ ತೇತ್ ರೂಸ್ ತಂಗುದಾಣದಿಂದ 3835 ಮೀಟರು ಎತ್ತರದ ಗೂತೇ ತಂಗುದಾಣಕ್ಕೆ ಏರುವಾಗ, ಒಂದು ಕಡಿದಾದ ಕೊರಕಲನ್ನು ಅಡ್ಡಹಾಯುತ್ತದೆ. ಕಲ್ಲು ಉರುಳುವುದಕ್ಕೆ ಈ ಕೊರಕಲು ಕುಪ್ರಸಿದ್ಧವಾದುದು. ಬಂಡೆಯ ಬಿರುಕುಗಳಲ್ಲಿ ಹೆಪ್ಪುಗಟ್ಟಿದ ನೀರು ರಾತ್ರಿಯೆಲ್ಲ ಕಲ್ಲುಗಳನ್ನು ಹಿಡಿದಿರುತ್ತದೆ. ಬಿಸಿಲೇರಿದಂತೆ ಅದು ಕರಗಿ ಹಿಡಿತ ಸಡಿಲುತ್ತದೆ. ಯಾವ ಬಿಸಿಲಿನಿಂದ ಆರೋಹಿಗೆ ಹೆಲ್ಮೆಟ್ಟನ್ನು ಕಳಚಬೇಕೆನಿಸುವುದೋ ಅದೇ ಬಿಸಿಲು ಮೇಲಿನ ಕಲ್ಲನ್ನೂ ಬಿಡಿಸುತ್ತದೆ. ಸೆಕೆಯೂ ಅಪಾಯವೂ ಹೀಗೆ ಒಂದೇ ಹೊತ್ತಿನಲ್ಲಿ ಬರುತ್ತವೆ.

ಸ್ಕೀ ಟೂರಿಂಗ್‌ನಲ್ಲಿ ತೊಡಕು ಇಮ್ಮಡಿಯಾಗುತ್ತದೆ. ಯಂತ್ರದ ನೆರವಿಲ್ಲದೆ, ಹಿಂದಕ್ಕೆ ಜಾರದಂತೆ ತಡೆಯುವ ಪಟ್ಟಿಗಳನ್ನು ಸ್ಕೀಗಳ ತಳಕ್ಕೆ ಅಂಟಿಸಿಕೊಂಡು ಹಿಮದ ಇಳಿಜಾರನ್ನು ಏರಿ, ಬಳಿಕ ಪಟ್ಟಿಗಳನ್ನು ಕಿತ್ತು ಜಾರುತ್ತ ಇಳಿಯುವುದು ಈ ಕ್ರೀಡೆಯ ಸ್ವರೂಪ. ಗಂಟೆಗೆ 300–400 ಮೀಟರು ಎತ್ತರವನ್ನು ಏರುವ ದೇಹವು ಬಹಳ ಶಾಖವನ್ನು ಹುಟ್ಟಿಸುತ್ತದೆ. ನಡಿಗೆ ನಿಧಾನವಾದುದರಿಂದ ಎದುರುಗಾಳಿಯ ತಂಪು ದೊರೆಯುವುದಿಲ್ಲ. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 2.4 ಕಿಲೋಜೂಲ್ ಶಾಖ ಬೇಕು. ಆವಿಗೆ ಹೊರದಾರಿಯಿಲ್ಲದಿದ್ದರೆ ತಲೆ ತಣಿಯದು, ಬೆವರು ಒಳಪದರವನ್ನು ನೆನೆಸಿ ನಿಲ್ಲುತ್ತದೆ. ಇಳಿಯುವಾಗ ಸ್ಥಿತಿ ತಲೆಕೆಳಗಾಗುತ್ತದೆ. ಕೆನಡಾ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳು 2001ರಲ್ಲಿ ಅಂಗೀಕರಿಸಿದ ಸೂತ್ರದ ಪ್ರಕಾರ, −10 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಗಂಟೆಗೆ 30 ಕಿ.ಮೀ. ವೇಗದ ಗಾಳಿ ತಗುಲಿದರೆ ತೆರೆದ ಚರ್ಮಕ್ಕೆ ಅದು ಸುಮಾರು −20 ಡಿಗ್ರಿಯಷ್ಟು ಚಳಿಯಾಗಿ ತೋರುತ್ತದೆ. ಏರುವಾಗ ನೆನೆದ ತಲೆಗೆ ಈ ಗಾಳಿ ಇನ್ನೂ ಕಠಿಣವಾದುದು.

ಇನ್ನು ಪರೀಕ್ಷೆಯ ನಿಯಮಗಳನ್ನು ನೋಡೋಣ. ಯೂರೋಪಿನಲ್ಲಿ ಪರ್ವತಾರೋಹಣದ ಹೆಲ್ಮೆಟ್ಟಿಗೆ ಇ.ಎನ್. 12492 ಎಂಬ ಮಾನಕವೂ, ಇಳಿಜಾರಿನ ಸ್ಕೀ ಕ್ರೀಡೆಯ ಹೆಲ್ಮೆಟ್ಟಿಗೆ ಇ.ಎನ್. 1077 ಎಂಬ ಮಾನಕವೂ ಉಂಟು. ಮೊದಲನೆಯದರಲ್ಲಿ 5 ಕಿಲೋಗ್ರಾಂ ತೂಕದ ಗುಂಡನ್ನು 2 ಮೀಟರು ಎತ್ತರದಿಂದ ನೆತ್ತಿಯ ಮೇಲೆ ಬೀಳಿಸುತ್ತಾರೆ. ಕೃತಕ ತಲೆಗೆ ತಲುಪುವ ಬಲ 10 ಕಿಲೋನ್ಯೂಟನ್ ಮೀರಕೂಡದು. 1932ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟವು (ಯು.ಐ.ಎ.ಎ.) ತನ್ನ 106ನೆಯ ಮಾನಕದಲ್ಲಿ ಈ ಮಿತಿಯನ್ನು 8 ಕಿಲೋನ್ಯೂಟನ್‌ಗೆ ಇಳಿಸಿದೆ. ಆ ಗುಂಡಿನ ಶಕ್ತಿ ಸುಮಾರು 98 ಜೂಲ್. ಗಾಳಿಯ ತಡೆಯನ್ನು ಬಿಟ್ಟು ಗಣಿಸಿದರೆ, 200 ಗ್ರಾಂ ತೂಕದ ಸಣ್ಣ ಕಲ್ಲೊಂದು 50 ಮೀಟರು ಬಿದ್ದಾಗಲೂ ಇಷ್ಟೇ ಶಕ್ತಿಯನ್ನು ಪಡೆದಿರುತ್ತದೆ. ಮುಂದೆ, ಹಿಂದೆ ಮತ್ತು ಬದಿಗಳಲ್ಲಿ ಅದೇ ತೂಕವನ್ನು ಅರ್ಧ ಮೀಟರಿನಿಂದ ಮಾತ್ರ ಬೀಳಿಸುವುದರಿಂದ, ಅಲ್ಲಿ ಪರೀಕ್ಷೆಯಾಗುವುದು ನೆತ್ತಿಯ ಕಾಲುಭಾಗದ ಶಕ್ತಿಗೆ.

ಸ್ಕೀ ಮಾನಕದ ಕ್ರಮ ಬೇರೆ. ಅಲ್ಲಿ ಹೆಲ್ಮೆಟ್ಟು ತೊಡಿಸಿದ ಕೃತಕ ತಲೆಯನ್ನೇ 1.5 ಮೀಟರಿನಿಂದ ಉಕ್ಕಿನ ದಿಮ್ಮಿಯ ಮೇಲೆ ಬೀಳಿಸುತ್ತಾರೆ. ತಲೆಗಾಗುವ ವೇಗೋತ್ಕರ್ಷವು ಗುರುತ್ವದ 250 ಮಡಿಯನ್ನು ಮೀರಬಾರದು. ಸುತ್ತಲಿನ ಭಾಗಗಳಿಗೂ ಈ ಪರೀಕ್ಷೆ ನಡೆಯುತ್ತದೆ. ಕಿವಿಯನ್ನು ಮುಚ್ಚುವ ‘ಎ’ ವರ್ಗವು ಹೆಚ್ಚು ಬಂದೋಬಸ್ತಿನದು. ‘ಬಿ’ ವರ್ಗವು ಹಗುರವಾಗಿ ಗಾಳಿಗೆ ಹೆಚ್ಚು ತೆರೆದಿರಬಲ್ಲದು. ಚೂಪಾದ ವಸ್ತು ತೂರುವುದೇ ಎಂಬ ಪರೀಕ್ಷೆಯಲ್ಲಿ 3 ಕಿಲೋಗ್ರಾಂ ತೂಕದ ಮೊನೆಯು ‘ಎ’ ವರ್ಗಕ್ಕೆ 75 ಸೆಂಟಿಮೀಟರಿನಿಂದಲೂ ‘ಬಿ’ ವರ್ಗಕ್ಕೆ ಅದರ ಅರ್ಧದಿಂದಲೂ ಬೀಳುತ್ತದೆ. 1.5 ಮೀಟರಿನಿಂದ ಬಿದ್ದ ತಲೆಯ ವೇಗ ಗಂಟೆಗೆ ಕೇವಲ 20 ಕಿ.ಮೀ. ಸಮೀಪದ್ದೆಂಬುದು ಗಮನಾರ್ಹ. ಅದಕ್ಕಿಂತ ವೇಗವಾಗಿ ಜಾರಿ ಮರಕ್ಕೆ ಬಡಿದವನಿಗೆ ಹೆಲ್ಮೆಟ್ಟು ಪೂರ್ಣ ಅಭಯವನ್ನು ಕೊಡಲಾರದು.

ಒಂದು ಮಾನಕವು ಮೇಲಿನಿಂದ ಬೀಳುವ ಕಲ್ಲನ್ನೂ ಮತ್ತೊಂದು ಕ್ರೀಡಾಪಟುವಿನ ಪತನವನ್ನೂ ಮುಖ್ಯವಾಗಿ ಲಕ್ಷಿಸಿವೆ. ಸ್ಕೀ ಟೂರಿಂಗ್ ಮಾಡುವವನಿಗೆ ಎರಡೂ ಸಂಭವಿಸಬಹುದು. ಆದುದರಿಂದ 12492 ಮತ್ತು 1077 ‘ಬಿ’ ವರ್ಗ, ಇವೆರಡರ ಗುರುತೂ ಇರುವ ಹೆಲ್ಮೆಟ್ಟು ಆತನಿಗೆ ಯುಕ್ತವಾದುದು. ಬಂಡೆಯನ್ನು ಮಾತ್ರ ಏರುವವನಿಗೆ ಮೊದಲನೆಯದೊಂದೇ ಸಾಕು.

ವಾಯುಸಂಚಾರದ ವಿಷಯದಲ್ಲಿ ರಂಧ್ರಗಳನ್ನು ಎಣಿಸಿದರೆ ಸಾಲದು. ಇ.ಎನ್. 12492 ಕೇಳುವುದು ಒಟ್ಟು 4 ಚದರ ಸೆಂಟಿಮೀಟರು ತೆರವು, ಎಂದರೆ ಎರಡು ಸೆಂಟಿಮೀಟರು ಬದಿಯ ಒಂದು ಚೌಕದಷ್ಟು. ಸೆಕೆಗೆ ಇದು ಅತ್ಯಲ್ಪ. ಬಿಸಿಯಾದ ಗಾಳಿ ಹಗುರವಾಗಿ ಮೇಲೇರುವುದರಿಂದ, ಹಣೆಯ ಬಳಿ ಗಾಳಿ ಒಳಬರಲು ಎಡೆಯೂ, ಹಿಂದಲೆಯ ಮೇಲ್ಭಾಗದಲ್ಲಿ ಹೊರಹೋಗಲು ಎಡೆಯೂ, ನಡುವೆ ತಲೆಗೆ ತಾಗದ ಕಾಲುವೆಗಳೂ ಇದ್ದರೆ ನಿಧಾನವಾಗಿ ನಡೆಯುವಾಗಲೂ ಗಾಳಿ ಹರಿಯುತ್ತದೆ. ಒಳಪದರವು ತಲೆಗೆ ಮೆತ್ತಿಕೊಂಡಿದ್ದರೆ ದೊಡ್ಡ ರಂಧ್ರವೂ ನಿಷ್ಪ್ರಯೋಜಕ. ಕಲ್ಲು ಮೇಲಿನಿಂದ ಬರುವುದಾದುದರಿಂದ ನೆತ್ತಿ ಮುಚ್ಚಿದ್ದು ಬದಿ ಮತ್ತು ಹಿಂಭಾಗ ತೆರೆದಿರುವ ರಚನೆ ಆರೋಹಣಕ್ಕೆ ಮೇಲು. ಇಳಿಯುವ ಮೊದಲು ರಂಧ್ರಗಳನ್ನು ಮುಚ್ಚಲು ಅನುಕೂಲವಿರಬೇಕು, ಇಲ್ಲವೆ ಒಣಗಿದ ತೆಳು ಟೊಪ್ಪಿಗೆಯೊಂದನ್ನು ಒಳಗೆ ತೊಡಬೇಕು.

ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪಿನೊಳಗೆ ಪಟ್ಟಿಗಳ ಜಾಲವಿರುವ ಹೆಲ್ಮೆಟ್ಟು ಭಾರವಾದರೂ ತಾಳಿಕೆಯುಳ್ಳದ್ದು. ನಮ್ಮಲ್ಲಿ ಥರ್ಮೋಕೋಲ್ ಎನ್ನುವ ವಸ್ತುವಿನ ಜಾತಿಯ ನೊರೆಯಿಂದ ಮಾಡಿದವು ಹಗುರ. ಆದರೆ ಆ ನೊರೆ ತಾನು ಜಜ್ಜಿಹೋಗಿ ಪೆಟ್ಟನ್ನು ನುಂಗುವುದರಿಂದ, ಒಮ್ಮೆ ಬಲವಾದ ಪೆಟ್ಟು ತಿಂದುದನ್ನು ಹೊರಗೆ ಬಿರುಕು ಕಾಣದಿದ್ದರೂ ತ್ಯಜಿಸಬೇಕು.

ಅಳತೆಯನ್ನು ಅಂಗಡಿಯಲ್ಲೇ ಪರೀಕ್ಷಿಸತಕ್ಕದ್ದು. ಹುಬ್ಬಿನ ಮೇಲೆ ಸುತ್ತಳತೆ ತೆಗೆದು, ಗದ್ದದ ಪಟ್ಟಿ ಬಿಗಿಯದೆ ಹೆಲ್ಮೆಟ್ಟನ್ನು ತೊಟ್ಟು, ಬಗ್ಗಿ ತಲೆಯನ್ನು ಮೆಲ್ಲಗೆ ಅಲ್ಲಾಡಿಸಬೇಕು; ಆಗ ಅದು ಜಾರಬಾರದು, ಯಾವ ಒಂದು ಬಿಂದುವಿನಲ್ಲಿಯೂ ಒತ್ತಬಾರದು. ಅನಂತರ ತುಂಬಿದ ಚೀಲವನ್ನು ಹೊತ್ತು ಮೇಲೆ ನೋಡಬೇಕು. ಹಿಂದಲೆ ಚೀಲಕ್ಕೆ ತಾಗಿ ಹೆಲ್ಮೆಟ್ಟು ಕಣ್ಣಿನ ಮೇಲೆ ಬೀಳುವಂತಿದ್ದರೆ ಅದು ತಕ್ಕುದಲ್ಲ. ಕಾಲು ಗಂಟೆ ತೊಟ್ಟೇ ಇದ್ದರೆ ಒತ್ತುವ ಜಾಗ ತಾನಾಗಿ ತಿಳಿದುಬರುತ್ತದೆ.

ಈ ವಿಚಾರ ಹಿಮದ ನಾಡಿಗಷ್ಟೇ ಸಂಬಂಧಿಸಿದುದಲ್ಲ. ಬಾದಾಮಿಯ ಮರಳುಗಲ್ಲನ್ನೂ ರಾಮನಗರದ ಕಣಶಿಲೆಯನ್ನೂ ಏರುವ ನಮ್ಮ ತರುಣರಿಗೆ ಚಳಿಯ ಚಿಂತೆಯಿಲ್ಲ, ಸೆಕೆಯ ಚಿಂತೆ ಹೆಚ್ಚು. ಆದುದರಿಂದ ಗಾಳಿಯಾಡುವ ಗುಣ ಅವರಿಗೆ ಇನ್ನಷ್ಟು ಅವಶ್ಯಕ. ಆಯ್ಕೆಯಲ್ಲಿ ಮೊದಲು ಮಾನಕದ ಗುರುತು, ಬಳಿಕ ತಲೆಗೆ ಹೊಂದುವಿಕೆ, ಆಮೇಲೆ ವಾಯುಸಂಚಾರ, ಕೊನೆಗೆ ತೂಕ, ಈ ಅನುಕ್ರಮವು ಉಚಿತವೆಂದು ನಾವು ಭಾವಿಸುತ್ತೇವೆ. ಇಡೀ ದಿನ ತಲೆಯ ಮೇಲಿದ್ದು, ಅದು ಇದೆಯೆಂಬುದನ್ನೇ ಆರೋಹಿ ಮರೆಯುವಂತಿದ್ದರೆ ಅಂಥ ಹೆಲ್ಮೆಟ್ಟೇ ಉತ್ತಮವಾದುದು.