ಅಜ್ಜ ಇಲ್ಲಿ ಏನು ಬರೆದಿದ್ದಾರೆ?

ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗುವ ಬೆಳಗಿನ ಲೋಕಲ್‌ನಲ್ಲಿ ಸೀಟು ಸಿಕ್ಕರೆ ಅದೇ ನನ್ನ ಓದಿನ ಕೋಣೆ. 14 ವರ್ಷ ಹೀಗೆ ಒಬ್ಬನೇ ಓದಿಕೊಂಡು ಬಂದೆ. ಮನೆಯಲ್ಲಿ ಬೇರೆ ಯಾರಿಗೂ ಕನ್ನಡ ಅಕ್ಷರ ಬರುವುದಿಲ್ಲ ಎಂಬುದು ನನ್ನ ತಲೆಗೇ ಹೋಗಿರಲಿಲ್ಲ. ಹೆಂಡತಿ ಪುಣೆಯಲ್ಲೇ ಬೆಳೆದವಳು. ಮಗಳು ಆರನೇ ಕ್ಲಾಸು, ಮರಾಠಿ, ಹಿಂದಿ, ಇಂಗ್ಲಿಷ್ ಪಟಪಟ ಓದುತ್ತಾಳೆ.

ಅಪ್ಪ ತೀರಿಕೊಂಡ ಮೇಲೆ ತೀರ್ಥಹಳ್ಳಿಯ ಮನೆಯಿಂದ ಅವರ ಪುಸ್ತಕಗಳನ್ನು ಎರಡು ರಟ್ಟಿನ ಪೆಟ್ಟಿಗೆಯಲ್ಲಿ ತಂದೆ. ನಮ್ಮ ಫ್ಲ್ಯಾಟಿನಲ್ಲಿ ಅದಕ್ಕಿಂತ ಹೆಚ್ಚಿಗೆ ಜಾಗವಿಲ್ಲ. ಅಪ್ಪ ಪೆನ್ಸಿಲ್ ಹಿಡಿದೇ ಓದುತ್ತಿದ್ದವರು. ತೇಜಸ್ವಿಯವರ ‘ಕರ್ವಾಲೊ’ ತೆರೆದ ಮಗಳು ಅಂಚಿನ ಮೇಲೆ ಬೆರಳಿಟ್ಟು ಕೇಳಿದಳು: “ಅಪ್ಪಾ, ಅಜ್ಜ ಇಲ್ಲಿ ಏನು ಬರೆದಿದ್ದಾರೆ?”

ಮಂದಣ್ಣನ ಹೆಸರಿನ ಪಕ್ಕ, ‘ಥೇಟ್ ನಮ್ಮ ತಿಮ್ಮ’ ಎಂದಿತ್ತು. ಓದಿ ಹೇಳಿದೆ, ನಕ್ಕಳು. ನನಗೆ ನಗು ಬರಲಿಲ್ಲ.

ಆವತ್ತಿನಿಂದ ರಾತ್ರಿ ಊಟದ ನಂತರ ಎರಡು ಪುಟ ಜೋರಾಗಿ ಓದುತ್ತೇನೆ. ಹೆಂಡತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳುತ್ತಾಳೆ. ಭಾನುವಾರ ಮಾತ್ರ ರಜೆ. ಆಗ ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’. ಊರು ನಮ್ಮದು, ಮಾತು ಹಿಂದಿ. ಮಗಳಿಗೆ ಅದು ಸಲೀಸು.

ಈಗ ಅಕ್ಷರ ಕೂಡಿಸಲು ಶುರುಮಾಡಿದ್ದಾಳೆ. ಮುಖಪುಟದಲ್ಲೇ ಸಿಕ್ಕಿಬಿದ್ದಳು. ಮರಾಠಿಯಲ್ಲಿ ತಲೆಯ ಮೇಲೆ ಕೂರುವ ‘ರ್’ ನಮ್ಮಲ್ಲಿ ಅಕ್ಷರದ ಪಕ್ಕಕ್ಕೆ ಬಂದು ನಿಲ್ಲುತ್ತದಲ್ಲ! ಮೂರು ದಿನ ‘ಕವಾರ್‌ಲೊ’ ಎಂದೇ ಓದಿದಳು.

ಹಾರುವ ಓತಿ ಕೊನೆಗೆ ಸಿಗುತ್ತದಾ ಎಂದು ದಿನಾ ಪೀಡಿಸುತ್ತಾಳೆ. ನಾನು ಬಾಯಿಬಿಟ್ಟಿಲ್ಲ. ಇನ್ನೂ ಅರ್ಧ ಪುಸ್ತಕವಿದೆ.