ತಲೆಬಾಗದ ಸಂಗೀತಗಾರ ಟೊಸ್ಕನೀನಿ

೧೮೮೬ನೆಯ ಇಸವಿ, ಜೂನ್ ತಿಂಗಳ ೩೦ನೆಯ ತಾರೀಖು. ಬ್ರೆಜಿಲಿನ ರಿಯೋ ಡಿ ಜನೈರೊ ನಗರದ ನಾಟಕಶಾಲೆಯಲ್ಲಿ ಭಾರಿ ಗದ್ದಲವೆದ್ದಿದ್ದಿತು. ಇಟಲಿಯಿಂದ ಬಂದಿದ್ದ ಸಂಚಾರಿ ಮಂಡಳಿಯೊಂದು ಅಂದು ವೆರ್ದಿಯ ‘ಆಯಿದಾ’ ಎಂಬ ಆಪೆರಾವನ್ನು ಪ್ರದರ್ಶಿಸಬೇಕಾಗಿತ್ತು. ಮಂಡಳಿಯವರೊಡನೆ ಮನಸ್ತಾಪ ಬೆಳೆದು, ವಾದ್ಯವೃಂದದ ಸ್ಥಳೀಯ ನಿರ್ದೇಶಕನು ಕೈಬಿಟ್ಟು ಹೊರಟುಹೋಗಿದ್ದ. ಅವನ ಬದಲಿಗೆ ನಿಂತವನನ್ನು ಪ್ರೇಕ್ಷಕರು ಕೂಗಿ ಕೆಳಗಿಳಿಸಿದರು. ಆಗ ಮೇಳದವರು, ತಮ್ಮ ನಡುವೆ ಸೆಲ್ಲೊ ನುಡಿಸುತ್ತಿದ್ದ ೧೯ ವರ್ಷದ ಹುಡುಗನೊಬ್ಬನನ್ನು ಮುಂದಕ್ಕೆ ತಳ್ಳಿದರು. ಹುಡುಗನು ಎದುರಿನ ಸ್ವರಗ್ರಂಥದ ಕಡೆ ನೋಡಲೂ ಇಲ್ಲ. ಇಡೀ ಆಪೆರಾವನ್ನು ಬಾಯಿಪಾಠವಾಗಿಯೇ ನಡೆಸಿಬಿಟ್ಟ. ಕೂಗುತ್ತಿದ್ದ ಜನ ಮೊದಲು ಬೆರಗಾದರು, ಅನಂತರ ಚಪ್ಪಾಳೆಯ ಮಳೆಗರೆದರು.

ಆ ಹುಡುಗನೇ ಆರ್ತುರೊ ಟೊಸ್ಕನೀನಿ. ೧೮೬೭ರ ಮಾರ್ಚ್ ೨೫ರಂದು ಪಾರ್ಮಾ ಪಟ್ಟಣದಲ್ಲಿ ಜನನ. ತಂದೆ ಬಟ್ಟೆ ಹೊಲಿಯುವ ಕಸುಬಿನವನು. ಇಟಲಿಯ ಬಿಡುಗಡೆಗಾಗಿ ಗ್ಯಾರಿಬಾಲ್ಡಿಯ ಪಡೆಯಲ್ಲಿ ಹೋರಾಡಿ ಬಂದವನು. ಬಡತನದ ಆ ಮನೆಯಿಂದ ಬಾಲಕನು ಒಂಬತ್ತನೆಯ ವಯಸ್ಸಿನಲ್ಲಿ ಊರಿನ ಸಂಗೀತಶಾಲೆಯನ್ನು ಸೇರಿದ.

ನಮ್ಮ ಕಚೇರಿಯಲ್ಲಿ ಗಾಯಕನೇ ತೊಡೆಯ ಮೇಲೆ ತಾಳ ಹಾಕಿಕೊಳ್ಳುತ್ತಾನೆ; ಪಕ್ಕವಾದ್ಯದವರು ಅವನ ಮುಖ ನೋಡಿ ಅನುಸರಿಸುತ್ತಾರೆ. ಪಾಶ್ಚಾತ್ಯ ವಾದ್ಯವೃಂದದ ರೀತಿಯೇ ಬೇರೆ. ನೂರರ ಹತ್ತಿರ ವಾದಕರಿದ್ದರೂ ಪ್ರತಿಯೊಬ್ಬನ ಮುಂದಿರುವುದು ಅವನವನ ಪಾಲಿನ ಸ್ವರಗಳು ಮಾತ್ರ. ಎಲ್ಲರ ಪಾಲನ್ನೂ ಒಂದೇ ಪುಟದಲ್ಲಿ ಕಾಣುವವನು, ಕೈಯಲ್ಲಿ ಕಿರುಗೋಲು ಹಿಡಿದು ನಿಂತ ನಿರ್ದೇಶಕನೊಬ್ಬನೇ. ತಾನು ಒಂದು ಸ್ವರವನ್ನೂ ನುಡಿಸದೆ ನೂರು ಜನರಿಂದ ಒಂದೇ ಹೃದಯದ ಸಂಗೀತವನ್ನು ಹೊರಡಿಸುವುದು ಅವನ ಕೆಲಸ. ಟೊಸ್ಕನೀನಿಗೆ ದೃಷ್ಟಿ ಬಹಳ ಮಂದ. ಕಣ್ಣನ್ನು ಪುಟಕ್ಕೆ ತಾಗಿಸಿದ ಹಾಗೆ ಹಿಡಿದರೆ ಮಾತ್ರ ಅಕ್ಷರ ಕಾಣುತ್ತಿತ್ತು. ಆದ್ದರಿಂದ ಪ್ರತಿಯೊಂದು ಕೃತಿಯನ್ನೂ, ಪ್ರತಿಯೊಂದು ವಾದ್ಯದ ಪಾಲನ್ನೂ, ಆತ ಕಂಠಸ್ಥ ಮಾಡಿಕೊಂಡ. ದೇಹದ ಊನವೇ ಆತನ ಕೀರ್ತಿಯ ಬುನಾದಿಯಾಯಿತೆನ್ನಬಹುದು.

ಊರಿಗೆ ಮರಳಿದ ಮೇಲೆ ಆತ ಮೆರೆದಾಡಲಿಲ್ಲ. ೧೮೮೭ರಲ್ಲಿ ವೆರ್ದಿಯ ‘ಒಥೆಲೊ’ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಮೊದಲಬಾರಿಗೆ ಪ್ರದರ್ಶಿತವಾದಾಗ, ಆ ಮಹಾನುಭಾವನ ಮನಸ್ಸಿನಲ್ಲೇನಿದೆಯೆಂದು ಕಿವಿಯಾರೆ ತಿಳಿಯುವುದಕ್ಕಾಗಿ, ಮೇಳದಲ್ಲಿ ಸಾಮಾನ್ಯ ಸೆಲ್ಲೊ ವಾದಕನಾಗಿ ಹೋಗಿ ಕುಳಿತ. ಹನ್ನೊಂದು ವರ್ಷಗಳ ಬಳಿಕ ಅದೇ ಲಾ ಸ್ಕಾಲಾಕ್ಕೆ ಪ್ರಧಾನ ನಿರ್ದೇಶಕನಾದ. ಈ ನಡುವೆ ಪುಚ್ಚೀನಿಯ ‘ಲಾ ಬೊಹೆಮ್’ ಆತನ ಕೈಯಲ್ಲಿಯೇ ೧೮೯೬ರಲ್ಲಿ ಬೆಳಕು ಕಂಡಿತ್ತು.

ಲಾ ಸ್ಕಾಲಾದ ಶ್ರೀಮಂತ ಪ್ರೇಕ್ಷಕರಿಗೆ ಈ ಹೊಸಬನಿಂದ ಒಂದಲ್ಲ, ಹಲವು ಕಿರುಕುಳ. ಆಟ ನಡೆಯುವಾಗ ಸಭಾಂಗಣದ ದೀಪಗಳನ್ನು ಆರಿಸಬೇಕು. ಹೆಂಗಸರು ತಮ್ಮ ದೊಡ್ಡ ಟೋಪಿಗಳನ್ನು ತೆಗೆದಿರಿಸಬೇಕು. ಹಾಡನ್ನು ‘ಮತ್ತೊಮ್ಮೆ’ ಎಂದು ಕೂಗಿದರೆ ಸಿಕ್ಕದು. ಇಂದು ನ್ಯಾಯವಾಗಿ ಕಾಣುವ ಈ ನಿಯಮಗಳು ಅಂದು ದೊಡ್ಡ ಜಗಳಗಳಿಗೆ ಕಾರಣವಾದವು. ಕೊನೆಗೆ ‘ಮತ್ತೊಮ್ಮೆ’ ಎಂಬ ಕೂಗಿಗೆ ರೋಸಿಹೋಗಿ ಆತ ಆ ಮಂದಿರವನ್ನೇ ತೊರೆದ. ೧೯೦೮ರಿಂದ ೧೯೧೫ರ ವರೆಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಆತನ ಕಾರ್ಯಕ್ಷೇತ್ರವಾಯಿತು.

ಆತನ ಕೋಪವನ್ನು ಹೇಳದೆ ಬಿಟ್ಟರೆ ಚಿತ್ರ ಅಪೂರ್ಣ. ಅಭ್ಯಾಸದ ವೇಳೆ ಶ್ರುತಿ ತಪ್ಪಿದರೆ ಬೈಗುಳ ಸುರಿಯುತ್ತಿತ್ತು, ಕಿರುಗೋಲು ಮುರಿಯುತ್ತಿತ್ತು. ಅದನ್ನು ಕೇವಲ ಕಲಾವಿದನ ಲೀಲೆಯೆಂದು ಹೊಗಳುವವರಿದ್ದಾರೆ. ಬೈಗುಳ ತಿಂದ ಬಡ ವಾದಕನಿಗೆ ಅದು ಲೀಲೆಯಾಗಿ ಕಂಡಿರಲಾರದು. ಆದರೂ ಅವರು ಆತನನ್ನು ಬಿಟ್ಟು ಹೋಗಲಿಲ್ಲ. ಆತ ಎಲ್ಲರಿಗಿಂತ ಹೆಚ್ಚು ಕಠೋರನಾಗಿದ್ದುದು ತನ್ನ ಮೇಲೆಯೇ ಎಂಬುದನ್ನು ಬಲ್ಲವರು ಅವರು.

ಈ ಕೋಪಿಷ್ಠನು ಒಂದು ಕಾಲದಲ್ಲಿ ಮುಸೊಲಿನಿಯ ಮಾತಿಗೆ ಮರುಳಾಗಿದ್ದನೆಂದರೆ ಆಶ್ಚರ್ಯವಾಗಬಹುದು. ೧೯೧೯ರ ಚುನಾವಣೆಯಲ್ಲಿ ಆತನ ಹೆಸರು ಫ್ಯಾಸಿಸ್ಟರ ಪಟ್ಟಿಯಲ್ಲಿತ್ತು, ಸೋಲೂ ಆಯಿತು. ಭ್ರಮೆ ಹರಿಯಲು ಬಹಳ ಕಾಲ ಬೇಕಾಗಲಿಲ್ಲ. ಮುಸೊಲಿನಿ ಅಧಿಕಾರಕ್ಕೆ ಬಂದಮೇಲೆ ಎಲ್ಲ ರಂಗಮಂದಿರಗಳಲ್ಲಿಯೂ ‘ಜೊವಿನೆಚ್ಚಾ’ ಎಂಬ ಪಕ್ಷಗೀತೆಯನ್ನು ನುಡಿಸಬೇಕೆಂಬ ಒತ್ತಾಯ ಬೆಳೆಯಿತು. ಟೊಸ್ಕನೀನಿ ಒಪ್ಪಲಿಲ್ಲ. ೧೯೩೧ರ ಮೇ ೧೪ರಂದು ಬೊಲೊನ್ಯಾ ನಗರದಲ್ಲಿ, ತನಗೆ ಪ್ರಿಯನಾಗಿದ್ದ ಸಂಗೀತಗಾರ ಮಾರ್ತುಚ್ಚಿಯ ಸ್ಮರಣಾರ್ಥ ಕಚೇರಿ ನಡೆಸಲು ಬಂದಾಗ, ಬಾಗಿಲಲ್ಲಿಯೇ ಫ್ಯಾಸಿಸ್ಟ್ ತರುಣರು ಆತನನ್ನು ಸುತ್ತುಗಟ್ಟಿದರು. ‘ಗೀತೆ ನುಡಿಸುವೆಯಾ?’ ಎಂದು ಕೇಳಿದರು. ‘ಇಲ್ಲ’ ಎಂದ. ಅರವತ್ತನಾಲ್ಕು ವರ್ಷದ ಆ ಮುದುಕನ ಕೆನ್ನೆಗೆ ಏಟುಗಳು ಬಿದ್ದವು. ಕಚೇರಿ ನಡೆಯಲಿಲ್ಲ. ಸರಕಾರ ಆತನ ಪಾಸ್‌ಪೋರ್ಟನ್ನು ಕಸಿದುಕೊಂಡಿತು. ಹೊರದೇಶಗಳಲ್ಲಿ ಕೋಲಾಹಲವೆದ್ದ ಮೇಲೆ ಹಿಂದಿರುಗಿಸಿತು. ಮುಸೊಲಿನಿ ಉರುಳುವ ವರೆಗೆ ಟೊಸ್ಕನೀನಿ ತನ್ನ ತಾಯ್ನಾಡಿನಲ್ಲಿ ಕಿರುಗೋಲನ್ನೆತ್ತಲಿಲ್ಲ.

ಜರ್ಮನಿಯ ಬಾಯ್ರಾಯ್ಟ್ ಎಂದರೆ ವಾಗ್ನರನ ಪುಣ್ಯಕ್ಷೇತ್ರ. ಅಲ್ಲಿ ನಿರ್ದೇಶಿಸುವುದೆಂದರೆ ಆತನಿಗೆ ಬಾಳಿನ ಬಯಕೆ ಕೈಗೂಡಿದಂತೆ. ೧೯೩೩ರಲ್ಲಿ ಹಿಟ್ಲರನು ತಾನೇ ಪತ್ರ ಬರೆದು ಬರಬೇಕೆಂದು ಕೋರಿದ. ಯಹೂದಿ ಸಂಗೀತಗಾರರನ್ನು ಹೊರಗಟ್ಟುತ್ತಿದ್ದ ನಾಡಿಗೆ ಹೋಗಲು ಟೊಸ್ಕನೀನಿ ನಿರಾಕರಿಸಿದ. ನನಗನ್ನಿಸುವಂತೆ ಬೊಲೊನ್ಯಾದ ಏಟಿಗಿಂತ ಈ ನಿರಾಕರಣೆಯೇ ಹೆಚ್ಚು ನೋವಿನದು. ಏಕೆಂದರೆ ಇಲ್ಲಿ ಆತ ಬಿಟ್ಟುಕೊಟ್ಟದ್ದು ತಾನು ಅತ್ಯಂತ ಪ್ರೀತಿಸಿದ ಸಂಗೀತವನ್ನು. ಮೂರು ವರ್ಷಗಳ ನಂತರ ಪಿಟೀಲುಗಾರ ಹ್ಯೂಬರ್‌ಮಾನನು ಯುರೋಪಿನಲ್ಲಿ ನೆಲೆ ತಪ್ಪಿದ ಯಹೂದಿ ವಾದಕರನ್ನು ಪ್ಯಾಲೆಸ್ಟೈನಿನಲ್ಲಿ ಕೂಡಿಸಿ ಮೇಳ ಕಟ್ಟಿದ. ಅದರ ಮೊದಲ ಕಚೇರಿ ೧೯೩೬ರ ಡಿಸೆಂಬರ್ ೨೬ರಂದು ಟೆಲ್ ಅವೀವ್‌ನಲ್ಲಿ ನಡೆಯಿತು. ಟೊಸ್ಕನೀನಿ ಒಂದು ಕಾಸಿನ ಸಂಭಾವನೆಯನ್ನೂ ಪಡೆಯದೆ ಬಂದು ನಿರ್ದೇಶಿಸಿದ.

ಆಮೇಲಿನದು ಅಮೆರಿಕದ ಕಥೆ. ಎನ್.ಬಿ.ಸಿ. ರೇಡಿಯೊ ಸಂಸ್ಥೆ ಆತನಿಗಾಗಿಯೇ ಒಂದು ವಾದ್ಯವೃಂದವನ್ನು ಕಟ್ಟಿತು. ೧೯೩೭ರ ಕ್ರಿಸ್‌ಮಸ್ ರಾತ್ರಿ ಆರಂಭವಾದ ಆ ಪ್ರಸಾರಗಳು ಹದಿನೇಳು ವರ್ಷ ಮನೆಮನೆಗಳನ್ನು ಮುಟ್ಟಿದವು. ಬಾಂಬುಗಳಿಂದ ಹಾಳಾಗಿದ್ದ ಲಾ ಸ್ಕಾಲಾವನ್ನು ಪುನಃ ಕಟ್ಟಿ, ೧೯೪೬ರ ಮೇ ೧೧ರಂದು ಬಾಗಿಲು ತೆರೆದಾಗ, ವೇದಿಕೆಯ ಮೇಲೆ ನಿಂತಿದ್ದವನು ಎಪ್ಪತ್ತೊಂಬತ್ತರ ಟೊಸ್ಕನೀನಿ.

೧೯೫೪ರ ಏಪ್ರಿಲ್ ೪. ನ್ಯೂಯಾರ್ಕಿನ ಕಾರ್ನೆಗಿ ಹಾಲ್. ವಾಗ್ನರನ ಕೃತಿಯೊಂದನ್ನು ನಡೆಸುತ್ತಿದ್ದಂತೆಯೇ ಆ ಅದ್ಭುತ ಸ್ಮರಣಶಕ್ತಿ ತಟ್ಟನೆ ಕೈಕೊಟ್ಟಿತು. ಕೈ ನಿಂತಿತು, ಮೇಳ ತಡವರಿಸಿತು. ರೇಡಿಯೊದವರು ಗಾಬರಿಯಿಂದ ಬೇರೊಂದು ಮುದ್ರಿಕೆಯನ್ನು ಹಾಕಿದರು. ಹೇಗೋ ಸಾವರಿಸಿಕೊಂಡು ಕಡೆಯ ಕೃತಿಯನ್ನು ಮುಗಿಸಿದ ಮುದುಕನು ಹಿಂದಿರುಗಿ ನೋಡದೆ ಒಳಗೆ ಹೋದ. ಮತ್ತೆ ಸಾರ್ವಜನಿಕವಾಗಿ ವೇದಿಕೆಯೇರಲಿಲ್ಲ. ೧೯೫೭ರ ಜನವರಿ ೧೬ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡ. ದೇಹವನ್ನು ಮಿಲಾನಿಗೆ ಒಯ್ದು ಮಣ್ಣುಮಾಡಿದರು.

ಆತ ನಿವೃತ್ತನಾದೊಡನೆ ರೇಡಿಯೊ ಸಂಸ್ಥೆ ವಾದ್ಯವೃಂದವನ್ನು ವಿಸರ್ಜಿಸಿತ್ತು. ವಾದಕರು ಚದರಲೊಪ್ಪದೆ ತಾವೇ ಒಂದು ಸಂಘ ಮಾಡಿಕೊಂಡರು. ಅದೇ ವರ್ಷ ಕಾರ್ನೆಗಿ ಹಾಲಿನಲ್ಲಿ ಅವರು ನಡೆಸಿದ ಕಚೇರಿಗೆ ನಿರ್ದೇಶಕನೇ ಇರಲಿಲ್ಲ. ಆತ ನಿಲ್ಲುತ್ತಿದ್ದ ಪೀಠವನ್ನು ಹಾಗೆಯೇ ಬರಿದಾಗಿ ಬಿಟ್ಟು, ಅದರ ಸುತ್ತ ಕುಳಿತು ನುಡಿಸಿದರು.